ಮಂಗಳವಾರದ ಜೀಪು

ಚಿಕ್ಕಯ್ಯನಛತ್ರದ ಟೀ ಅಂಗಡಿಯಲ್ಲಿ ಜೀಪು ಗುರುಮಲ್ಲಪ್ಪನೆದುರು ಕಾಡಿನ ಮಾತೆತ್ತಿದರೆ ಕೆಟ್ಟಿರಿ. ಕಾಡೊಳಗಿನ ಮಾರಮ್ಮನ ಗುಡಿಗೆ ಇಪ್ಪತ್ತು ವರ್ಷ ಹರಕೆಯ ಜನರನ್ನು ಸಾಗಿಸಿದವನು ಅವನು. ಗಾಡಿ ಓಡಾಡಿದರೆ ಆನೆಗಳು ಬೆದರುತ್ತವೆಂದು ಅರಣ್ಯದವರು ತೊಂಬತ್ತೊಂಬತ್ತರಲ್ಲಿ ದಾರಿಗೆ ಗೇಟು ಹಾಕಿದರು. "ಸಾಹೇಬ್ರ ಜೀಪಿಗೆ ಎದರ್ದೆ ಇರೋ ಆನೆ ನನ್ ಜೀಪಿಗೆ ಎದರ್ಕತದೇನ್ಲಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಲೋಟ ಕುಕ್ಕುತ್ತಾನೆ. ಇವತ್ತಿಗೂ ಮಂಗಳವಾರ ಬೆಳಿಗ್ಗೆ ಜೀಪು ತೊಳೆದು, ಬಾನೆಟ್ಟಿಗೆ ಹೂವಿಟ್ಟು, ಖಾಲಿ ಗಾಡಿಯನ್ನೇ ಗೇಟಿನವರೆಗೆ ಓಡಿಸಿಕೊಂಡು ಹೋಗಿ, ವಾಚರನಿಗೆ ಬಾಯಿಗೆ ಬಂದಂತೆ ಬೈದು ಬರುತ್ತಾನೆ. ವಾಚರ್ ನಗುನಗುತ್ತಲೇ ಬೈಸಿಕೊಳ್ಳುತ್ತಾನೆ. ಅವನಿಗೆ ಗೊತ್ತು: ಆನೆಯ ಮಾತೆತ್ತುವ ಮೊದಲು ಅರಣ್ಯದವರು ಮರಗಳ್ಳರ ಲಾರಿ ತಡೆಯೋಕೆ ಗೇಟು ಬೇಕು ಅಂದಾಗ, ಬಾಡಿಗೆ ಮುಟ್ಟದೆ ಆ ಗೇಟಿನ ಕಂಬಗಳನ್ನು ಹೊತ್ತು ತಂದದ್ದು ಇದೇ ಜೀಪು.