ಬ್ಯಾಕ್ ಔಟ್ ಎಂದರೆ

ಮುಂಬೈ ಫೋರ್ಟಿನ ವಕೀಲರ ಕಚೇರಿಯೊಂದರಲ್ಲಿ ಕನ್ನಡದ ಕಾಗದಪತ್ರಗಳನ್ನು ಇಂಗ್ಲಿಷಿಗೆ ಇಳಿಸುವುದು ನನ್ನ ಕೆಲಸ. ಹೊಲದ ತಕರಾರು, ಸಾಕ್ಷಿಗಳ ಹೇಳಿಕೆ, ಇಂಥವೇ. ಧಾರವಾಡ ಬಿಟ್ಟು ಬಂದು ಅರ್ಧ ಆಯುಷ್ಯವಾಯಿತು. ಮದುವೆಯ ವಯಸ್ಸು ಅವ್ವನ ಆರೈಕೆಯಲ್ಲಿ ಕಳೆಯಿತು. ಅವ್ವ ಹೋದ ಮೇಲೆ ಗೋರೆಗಾಂವ್‌ನ ಮನೆಯಲ್ಲಿ ನಾನೊಬ್ಬಳೇ. ಭಾನುವಾರ ಬಂತೆಂದರೆ ನನಗೆ ಸಿಟ್ಟು ಬರುತ್ತದೆ. ಶನಿವಾರ ಸಂಜೆ ಕಚೇರಿಯಲ್ಲಿ ‘ಬೈ’ ಅಂದರೆ ಮುಗಿಯಿತು, ಸೋಮವಾರದ ಲೋಕಲ್‌ನಲ್ಲಿ ಯಾರಾದರೂ ‘ಥೋಡಾ ಸರಕೋ’, ಸ್ವಲ್ಪ ಸರಿಯಿರಿ, ಅನ್ನುವ ತನಕ ನನ್ನನ್ನು ಮಾತಾಡಿಸಲು ಒಂದು ನರಪಿಳ್ಳೆಯೂ ಇರುವುದಿಲ್ಲ.

ಕಚೇರಿಯ ಕೆಳಗಿನ ಗಲ್ಲಿಯಲ್ಲಿ ಒಂದು ಉಡುಪಿ ಹೋಟೆಲು. ಅದರ ಮ್ಯಾನೇಜರು ಕುಂದಾಪುರದ ಕಡೆಯವರು, ಹೆಚ್ಚುಕಡಿಮೆ ನನ್ನದೇ ವಯಸ್ಸು, ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಾಲೀಕರ ಮಗ ಹೋಟೆಲಿನ ಮೆಸೇಜುಗಳೆಲ್ಲ ಇಂಗ್ಲಿಷಿನಲ್ಲೇ ಇರಬೇಕೆಂದು ಹಟ ಹಿಡಿದಾಗ ಅವರು ನಾನು ಊಟ ಮಾಡುತ್ತಿದ್ದ ಟೇಬಲ್ಲಿಗೆ ಬಂದರು. “ಸ್ವಲ್ಪ ಇಂಗ್ಲಿಷ್ ಹೇಳಿಕೊಡ್ತೀರಾ ಮಾರಾಯ್ರೆ? ಧಣಿಗಳ ಆ ಮಗನ ಎದುರು ಮರ್ಯಾದೆ ಹೋಗ್ತಾ ಉಂಟು.”

ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಅದೇ ಟೇಬಲ್ಲಿನಲ್ಲಿ ಪಾಠ ಶುರುವಾಯಿತು. ತರಕಾರಿಗೆಂದು ಬೈಕುಲ್ಲಾ ಮಾರ್ಕೆಟ್ಟಿಗೆ ಹೋದ ದಿನ ಅಭ್ಯಾಸಕ್ಕಾಗಿ ನನಗೊಂದು ಮೆಸೇಜು ಕಳಿಸುತ್ತಿದ್ದರು: ‘ಬ್ಯಾಕಿಂಗ್ ಅಟ್ ಫೋರ್.’ ನಾಲ್ಕಕ್ಕೆ ವಾಪಸು ಬರುತ್ತೇನೆ ಎಂದು ಅದರ ಅರ್ಥ. ನನಗೋ ತಪ್ಪು ಕಂಡರೆ ಮೈ ಉರಿಯುತ್ತದೆ.

“ಹಂಗಲ್ರಿ. ಬ್ಯಾಕ್ ಅಂದಕೂಡ್ಲೆ ವಾಪಸ್ ಬಂದಂಗ ಆಗಂಗಿಲ್ಲ. ಅದರ ಬಾಲಕ್ಕ ಏನ್ ಹಚ್ತೀರಿ ಅನ್ನೂದರ ಮ್ಯಾಲೆ ಅರ್ಥ.”

ಹಾಗೆ ಒಂದಿಡೀ ಮಧ್ಯಾಹ್ನ ಹಿಂದೆ ಸರಿಯುವುದರಲ್ಲೇ ಕಳೆಯಿತು. ಸೈನ್ಯವಾದರೆ ರಿಟ್ರೀಟ್. ಕೋರ್ಟಿಗೆ ಹಾಕಿದ ಅರ್ಜಿಯಾದರೆ ವಿತ್‌ಡ್ರಾ. ಸಮುದ್ರದ ನೀರು ಇಳಿದರೆ ರಿಸೀಡ್. ತಲೆಗೂದಲು ಹಿಂದೆ ಹೋದರೂ ಅದೇ, ಅಂದಾಗ ಪಾಪ, ಹಣೆ ಸವರಿಕೊಂಡರು. ಜಗಳದಲ್ಲಿ ಪಟ್ಟು ಬಿಟ್ಟು ತಣ್ಣಗಾದರೆ ಬ್ಯಾಕ್ ಡೌನ್. ಮೈಮೇಲೆ ಬರಬೇಡ, ದೂರ ನಿಲ್ಲು ಅನ್ನುವುದಕ್ಕೆ ಬ್ಯಾಕ್ ಆಫ್. ಮಾತು ಕೊಟ್ಟು ಆಮೇಲೆ ಜಾರಿಕೊಂಡರೆ ಬ್ಯಾಕ್ ಔಟ್.

“ಅಬ್ಬಬ್ಬಾ! ಈ ಇಂಗ್ಲಿಷಿನವರಿಗೆ ಹಿಂದೆ ಹೋಗ್ಲಿಕ್ಕೆ ಇಷ್ಟೆಲ್ಲ ದಾರಿ ಉಂಟಾ?”

“ನಮ್ಮಲ್ಲೇನ್ ಕಡಿಮಿ ಅದಾವೇನ್ರಿ? ಹಿಂಜರಿಯೂದು, ಹಿಂದೇಟು ಹಾಕೂದು, ಕಾಲು ಕೀಳೂದು...”

“ಮತ್ತೆ ನಮ್ಮ ಟೆಂಪೋದವ ಗಲ್ಲಿಯಿಂದ ರಿವರ್ಸ್ ತೆಗೀತಾನಲ್ಲ, ಅದಕ್ಕೆಂತ ಹೇಳುದು?”

ಅದಕ್ಕೂ ಬ್ಯಾಕ್ ಔಟ್ ಅನ್ನಬಹುದು ಎಂದೆ. “ಹಾಗಾದ್ರೆ ಟೆಂಪೋ ಮಾಡಿದ್ರೆ ತಪ್ಪಿಲ್ಲ, ಮನುಷ್ಯ ಮಾಡಿದ್ರೆ ತಪ್ಪು!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನನ್ನ ಜೊತೆ ಕೂತು ಯಾರಾದರೂ ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಕೆಲವು ತಿಂಗಳ ಮೇಲೆ ಒಂದು ದಿನ, ಪಾಠದ ನಡುವೆಯೇ, ತಲೆ ಎತ್ತದೆ ಕೇಳಿದರು: “ನೀವೂ ಒಬ್ರೇ, ನಾನೂ ಒಬ್ಬನೇ. ಒಟ್ಟಿಗೆ ಇರುವನಾ?”

ನನ್ನ ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲಿ ಇದೆಂಥ ಹುಚ್ಚಾಟ ಎಂದು ಚೆನ್ನಾಗಿ ಬೈದು ಎದ್ದು ಬಂದೆ. ಮರುದಿನ ಹ್ಞೂಂ ಅಂದೆ. ಊರಲ್ಲಿ ಅವರನ್ನು ಸಾಕಿ ಬೆಳೆಸಿದ ಅಕ್ಕ ಇದ್ದರು. ಅವರಿಗೊಂದು ಮಾತು ಹೇಳಿ ಬರುವುದು, ಬಂದ ಮೇಲೆ ರಿಜಿಸ್ಟರ್ ಮದುವೆ ಎಂದು ನಿಶ್ಚಯವಾಯಿತು. ಅವರು ರೈಲು ಹತ್ತಿದರು.

ವಾರದ ಕೊನೆಗೆ, ನಾನು ಗೋರೆಗಾಂವ್ ಸ್ಟೇಷನ್ನಿನ ಮೆಟ್ಟಿಲು ಇಳಿಯುತ್ತಿದ್ದಾಗ ಮೆಸೇಜು ಬಂತು: ‘ಐ ಆಮ್ ಬ್ಯಾಕಿಂಗ್ ಔಟ್. ಮಂಡೇ ವಿಲ್ ಮೀಟ್.’

ನಡುಮೆಟ್ಟಿಲಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಜನ ದೂಡುತ್ತಿದ್ದರು, ಹೇಗೋ ಕೆಳಗಿಳಿದು ರಿಕ್ಷಾ ಸ್ಟ್ಯಾಂಡಿನ ಬದಿಗೆ ನಿಂತು ಮತ್ತೆ ಓದಿದೆ. ಆಮೇಲೆ ನಗು ಬಂತು. ಅಯ್ಯೋ ಪುಣ್ಯಾತ್ಮ, ಮತ್ತೆ ಅದೇ ತಪ್ಪು! ಊರಿಂದ ಔಟ್, ಮುಂಬೈಗೆ ಬ್ಯಾಕ್. ಹಾಗಲ್ಲದಿದ್ದರೆ ಸೋಮವಾರ ಸಿಗುತ್ತೇನೆ ಎಂದು ಯಾಕೆ ಬರೆಯುತ್ತಿದ್ದರು? ದಿನವಿಡೀ ಇನ್ನೊಬ್ಬರ ಮಾತಿನ ಅರ್ಥ ಬಿಡಿಸುವವಳು ನಾನು, ಇಷ್ಟು ಗೊತ್ತಾಗುವುದಿಲ್ಲವೇ? ಫೋನ್ ಮಾಡಿ ಕೇಳಬಹುದಿತ್ತು. ಹೆದರಿಕೆಯಾಯಿತು, ಕೇಳಲಿಲ್ಲ.

ಆ ಭಾನುವಾರ ಮಾತ್ರ ನನಗೆ ಸಿಟ್ಟು ಬರಲಿಲ್ಲ. ಕಪಾಟಿನಲ್ಲಿದ್ದ ಅವ್ವನ ಸೀರೆಗಳನ್ನು ಟ್ರಂಕಿಗೆ ಹಾಕಿ ಅರ್ಧ ಜಾಗ ಖಾಲಿ ಮಾಡಿದೆ. ಕಿಟಕಿಯ ಗಾಜು ಒರೆಸಿದೆ. ಎದುರು ಬಿಲ್ಡಿಂಗಿನ ಹೆಂಗಸಿಗೆ, ಪರಿಚಯವಿಲ್ಲದಿದ್ದರೂ, ಕೈ ಬೀಸಿದೆ. ಅವಳು ಹಿಂದೆಮುಂದೆ ನೋಡಿ ತಾನೂ ಬೀಸಿದಳು.

ಸೋಮವಾರ ಮಧ್ಯಾಹ್ನ ಹೋಟೆಲಿಗೆ ಹೋದಾಗ ಅವರು ಆಗಲೇ ನಮ್ಮ ಟೇಬಲ್ಲಿನಲ್ಲಿ ಕೂತಿದ್ದರು. ಎದುರಿಗಿದ್ದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ನಾನು ಕೂರುವ ಮೊದಲೇ ಶುರು ಹಚ್ಚಿಕೊಂಡೆ.

“ಎಷ್ಟ್ ಸಲ ಹೇಳ್ಬೇಕ್ರಿ ನಿಮಗ? ಬ್ಯಾಕಿಂಗ್ ಔಟ್ ಅಲ್ಲ, ಕಮಿಂಗ್ ಬ್ಯಾಕ್! ನನ್ನ ಜೀವಾನ ಹೋಗಿತ್ತು.”

ಅವರು ನಗಲಿಲ್ಲ. “ಸರಿಯಾಗಿಯೇ ಬರ್ದದ್ದು,” ಅಂದರು. “ನೀವು ಹೇಳಿಕೊಟ್ಟ ಹಾಗೆಯೇ.”

ನನಗೆ ಅರ್ಥವಾಯಿತು. ಆದರೂ ಕೂತೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ಕನ್ನಡದಾಗ ಹೇಳ್ರಿ,” ಅಂದೆ.

“ಕನ್ನಡದಲ್ಲಿ ಬಾಯಿ ಬರ್ಲಿಲ್ಲ ಅಂತಲೇ ಇಂಗ್ಲಿಷಲ್ಲಿ ಬರ್ದದ್ದು.”

“ಈಗ ಹೇಳ್ರಿ. ನನ್ನ ಮುಖ ನೋಡಿ ಹೇಳ್ರಿ.”

ಅವರು ಮುಖ ನೋಡಲಿಲ್ಲ. “ಅಕ್ಕ ಬೇಡ ಅಂದ್ರು,” ಎಂದು ಲೋಟವನ್ನು ಆಚೆ ಸರಿಸಿದರು. “ನಾನು ಆಯ್ತು ಅಂದೆ.”

“ಎಷ್ಟು ಸಲ ಬ್ಯಾಡ ಅಂದ್ರು?” ಎಂದು ಕೇಳಿದೆ. ಅಕ್ಕ ಅತ್ತರೇ, ಊಟ ಬಿಟ್ಟರೇ, ಇವರು ನನಗಾಗಿ ಒಂದು ಗಳಿಗೆಯಾದರೂ ವಾದ ಮಾಡಿದರೇ, ಅಷ್ಟಾದರೂ ನನಗೆ ತಿಳಿಯಬೇಕಿತ್ತು.

“ಒಂದೇ ಸಲ,” ಅಂದರು.