ಗಟ್ಟಿ ರಬ್ಬರಿಗೆ ಹುಲಗಪ್ಪನವರ ಕೈ

ಬೆಟಗೇರಿಯಲ್ಲಿ ಇನ್ನೂ ನಸುಕು. ಓಣಿಯ ಮಗ್ಗಗಳು ಸದ್ದು ಶುರು ಮಾಡಿಲ್ಲ. ಮಾಡಿದ್ದರೂ ಮೆಕ್ಯಾನಿಕ್ ಹುಲಗಪ್ಪನವರಿಗೆ ಕೇಳುತ್ತಿರಲಿಲ್ಲ. ತಗಡಿನ ಶೆಡ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಡಬ್ಬಿಯೊಳಗಿಂದ ಕಪ್ಪು ರಬ್ಬರಿನ ಕೊಳವೆಯೊಂದನ್ನು ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಹಳೆಯ ಎಜ್ಡಿ ಬೈಕಿನ ಕಾರ್ಬೊರೇಟರಿಗೆ ಗಾಳಿ ಒಯ್ಯುವ ಕೊಳವೆ ಅದು. ತಂದ ದಿನ ತೆಂಗಿನ ಚಿಪ್ಪಿನ ಹಾಗೆ ಗಟ್ಟಿಯಾಗಿತ್ತು. ಈಗ ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ.

ವಯಸ್ಸಾದ ರಬ್ಬರಿನ ಮುಂದೆ ಅವಸರ ನಡೆಯುವುದಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಚಟ್ಟನೆ ಸೀಳುತ್ತದೆ. ಪೆಟ್ರೋಲಿನಲ್ಲಿ ಮುಳುಗಿಸಿದರೆ ಉಬ್ಬಿ ಹಾಳಾಗುತ್ತದೆ. ಹುಲಗಪ್ಪ ಮೊದಲು ಬಿಸಿನೀರಿನ ಬಟ್ಟೆ ಸುತ್ತಿ ಕಳಚುತ್ತಾರೆ. ಆಮೇಲೆ ಕೀಲುನೋವಿಗೆ ಹಚ್ಚುವ ಘಾಟು ಎಣ್ಣೆಯನ್ನು ಸ್ಪಿರಿಟ್ಟಿಗೆ ಬೆರೆಸಿ, ಅದರಲ್ಲಿ ನೆನೆಹಾಕಿ ಕಾಯುತ್ತಾರೆ. "ಮುದುಕರ ಮಂಡಿಗೂ ಅದ ಎಣ್ಣಿ, ಮುದಿ ಗಾಡಿಗೂ ಅದ ಎಣ್ಣಿರಿ," ಎಂದು ನಗುತ್ತಾರೆ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆಯ ಹಳೆ ಗಾಡಿಗಳೆಲ್ಲ ಒಂದು ಕಾಲಕ್ಕೆ ಈ ಶೆಡ್ಡಿಗೇ ಬರುತ್ತಿದ್ದವು.

ಈಗ ಬರುವುದು ಕಡಿಮೆ. ಹೊಸ ಗಾಡಿಗಳಷ್ಟೇ ಅದಕ್ಕೆ ಕಾರಣವಲ್ಲ. ಜೀವಮಾನವೆಲ್ಲ ಸೈಲೆನ್ಸರಿನ ಮಗ್ಗುಲಲ್ಲೇ ಕೂತು ಅವರ ಕಿವಿ ಮಂದವಾಗಿದೆ. ಗಾಳಿ ಎಲ್ಲಿ ಸೋರುತ್ತದೆಂದು ಮೊದಲು ಸದ್ದಿನಲ್ಲೇ ಹಿಡಿಯುತ್ತಿದ್ದವರು, ಈಗ ಪಕ್ಕದ ಮಗ್ಗದ ಮನೆಯಿಂದ ತಂದ ನೂಲೆಳೆಯನ್ನು ಕೊಳವೆಯ ಸುತ್ತ ಹಿಡಿದು ನೋಡುತ್ತಾರೆ. ಸೋರಿಕೆಯಿದ್ದಲ್ಲಿ ಎಳೆ ಒಳಕ್ಕೆ ಜಗ್ಗುತ್ತದೆ. ಆದರೆ ಇಂಜಿನ್ನಿನ ದನಿ ಸರಿಯಿದೆಯೇ ಎಂಬುದನ್ನು ನೂಲು ಹೇಳೀತೇ? ಅದನ್ನು ಗಾಡಿಯವರನ್ನೇ ಕೇಳಬೇಕು. ಹಿರಿಯರು, ಪಾಪ, ನೋಯಿಸುವುದೇಕೆಂದು ಅವರು ದನಿ ಸರಿಯಿಲ್ಲದಿದ್ದರೂ ಹೆಬ್ಬೆರಳೆತ್ತಿ ತೋರಿಸಿ ಹೋಗುತ್ತಾರೆ. ಆಮೇಲೆ ಅದೇ ಗಾಡಿಯನ್ನು ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಟ್ಟಿದ್ದನ್ನು ಹುಲಗಪ್ಪ ಕಣ್ಣಾರೆ ಕಂಡಿದ್ದಾರೆ. ಅಂದು ಊಟ ಬಿಟ್ಟು ಮಲಗಿದರಂತೆ. "ಬೈದು ಹೋಗಿದ್ರ ಇಷ್ಟು ಸಂಕಟ ಆಗತಿರಲಿಲ್ರಿ ಅವ್ರಿಗೆ," ಎನ್ನುತ್ತಾರೆ ಹೆಂಡತಿ ಹನಮವ್ವ.

ಇವತ್ತಿನ ಎಜ್ಡಿ ಸೊರಟೂರಿನ ಸಂಗಪ್ಪನವರದು. ಅರಳೆ ವ್ಯಾಪಾರಕ್ಕೆಂದು ಪ್ರಾಯದಲ್ಲೆಲ್ಲ ಅದರ ಮೇಲೇ ಊರೂರು ತಿರುಗಿದವರು. ಈಗ ಕಾಲು ಸೋತಿವೆ. ಗಾಡಿ ಓಡಿಸುವ ಮಗ ಕೊಟ್ರೇಶನಿಗೆ ರಿಪೇರಿ ಸಾಕಾಗಿಹೋಗಿದೆ. ಈ ಸಲ ಸರಿಯಾಗದಿದ್ದರೆ ಗುಜರಿಗೆ ಹಾಕುವುದೇ ಎಂದು ಹೇಳಿಯೇ ಬಿಟ್ಟಿದ್ದಾನೆ. ಇಂಥ ಇನ್ನೊಂದು ಕೊಳವೆ ಹುಡುಕಿದರೂ ಸಿಕ್ಕಿಲ್ಲ. ಹರಿದರೆ ಮುಗಿಯಿತು.

ಬಿಸಿಲು ಬರುವ ಹೊತ್ತಿಗೆ ಅಪ್ಪ ಮಗ ಟಂಟಂ ಆಟೋದಲ್ಲಿ ಬಂದಿಳಿಯುತ್ತಾರೆ. ಹುಲಗಪ್ಪ ಕೊಳವೆ ಕೂರಿಸಿ, ಕ್ಲಿಪ್ ಬಿಗಿದು, ಕಿಕ್ ಹೊಡೆಯುತ್ತಾರೆ. ಇಂಜಿನ್ ಹತ್ತಿಕೊಳ್ಳುತ್ತದೆ. ನೂಲೆಳೆ ಜಗ್ಗುವುದಿಲ್ಲ. ಕೊಟ್ರೇಶ ಎಲ್ಲರಂತೆ ಹೆಬ್ಬೆರಳೆತ್ತುತ್ತಾನೆ. ಬೆಂಚಿನ ಮೇಲೆ ಕೂತ ಸಂಗಪ್ಪ ಮಾತ್ರ ಅಡ್ಡಡ್ಡ ತಲೆ ಅಲ್ಲಾಡಿಸುತ್ತಾರೆ.

"ಹುಲಗಪ್ಪಾ, ಇದು ನನ್ನ ಗಾಡಿ ದನಿ ಅಲ್ಲ. ಗಂಟಲಾಗ ಏನೋ ಸಿಕ್ಕಂಗ ಕೆಮ್ಮಾಕತ್ತೈತಿ."

ಕೊಟ್ರೇಶ ಅಪ್ಪನನ್ನು ಸುಮ್ಮನಿರಿಸಲು ನೋಡುತ್ತಾನೆ. ಪಕ್ಕದಲ್ಲೇ ನಿಂತ ಹನಮವ್ವ ಗಂಡನ ಕಿವಿಗೆ ಬಾಯಿಟ್ಟು ಆ ಮಾತನ್ನೇ ಗಟ್ಟಿಯಾಗಿ ಹೇಳುತ್ತಾರೆ. ಹುಲಗಪ್ಪ ಇಂಜಿನ್ ಆರಿಸುತ್ತಾರೆ. ಮತ್ತೆ ಬಿಸಿನೀರಿನ ಬಟ್ಟೆ, ಮತ್ತೆ ಅದೇ ನಿಧಾನ. ಕೊಳವೆ ಹರಿಯದೆ ಈಚೆ ಬರುತ್ತದೆ. ನೋಡಿದರೆ ಅದರ ತುಟಿ ಒಳಕ್ಕೆ ಮಡಚಿಕೊಂಡು ಅರ್ಧ ದಾರಿ ಮುಚ್ಚಿದೆ. ಗಾಳಿ ಸೋರಿದರೆ ತಾನೇ ನೂಲಿಗೆ ತಿಳಿಯುವುದು!

ತುಟಿ ಬಿಡಿಸಿ, ಕೂರಿಸಿ, ಮತ್ತೆ ಕಿಕ್ ಹೊಡೆದಾಗ ಹುಲಗಪ್ಪ ಗಾಡಿಯನ್ನೂ ನೋಡುವುದಿಲ್ಲ, ನೂಲನ್ನೂ ನೋಡುವುದಿಲ್ಲ. ಸಂಗಪ್ಪನವರ ಮುಖವನ್ನೇ ನೋಡುತ್ತಾರೆ. ಆ ಮುದುಕರು ಕಣ್ಣು ಮುಚ್ಚಿದ್ದಾರೆ. ತೊಡೆಯ ಮೇಲಿನ ಅವರ ಬಲಗೈ ಇಲ್ಲದ ಆಕ್ಸಿಲರೇಟರನ್ನು ಮೆಲ್ಲಗೆ ತಿರುವುತ್ತಿದೆ.

ಗುಜರಿಯ ಮಾತು ಅಲ್ಲಿಗೆ ನಿಲ್ಲುತ್ತದೆ. ಟಂಟಂನಲ್ಲಿ ಅಪ್ಪ, ಎಜ್ಡಿಯ ಮೇಲೆ ಮಗ, ಇಬ್ಬರೂ ಓಣಿ ದಾಟುವವರೆಗೆ ಹುಲಗಪ್ಪ ನಿಂತೇ ಇರುತ್ತಾರೆ. ಗಾಡಿ ತರುವವರಿಂದ ನಿಮಗೇನು ಬೇಕು ಎಂದು ನಾವು ಕೇಳಿದರೆ ಕೈ ಒರೆಸಿಕೊಳ್ಳುತ್ತಾರೆ.

"ಕಿವಿ ಹೋದ್ರೂ ಕೈ ಹೋಗಿಲ್ರಿ. ನನಗ ಕೇಳಸಂಗಿಲ್ಲ ಅಂತ ಛಲೋ ಆಗೇತಿ ಅನಬ್ಯಾಡ್ರಿ. ಸಂಗಪ್ಪ ಸಾವಕಾರ್ರಂಗ ಮಾರಿ ಮ್ಯಾಲೆ ಖರೆ ಹೇಳ್ರಿ. ಮತ್ತೊಮ್ಮಿ ಬಿಚ್ಚತೀನಿ."