ಇಸ್ತ್ರಿ ಅಂಗಡಿಯ ಅಭಿಪ್ರಾಯಗಳು

ಕಗೆಯಾಮ ಸುಮಿಯೆಗೆ ಮಾಂಗಾ ಹುಚ್ಚು ಹಿಡಿಸಿದವನು ಊರಿನ ಪೊಲೀಸ್ ಪೇದೆ. ಇದು ಆಕೆಗೆ ಇಪ್ಪತ್ತೆರಡಾಗಿದ್ದಾಗಿನ ಮಾತು. ಹಮಾಸೆ ಬಂದರಿನ ಮೇಲಿನ ಬೀದಿಯಲ್ಲಿ ಗಂಡನ ಮನೆಯವರ ಲಾಂಡ್ರಿ ಇತ್ತು. ಮದುವೆಯಾಗಿ ಬಂದ ಮೂರನೆಯ ದಿನವೇ ಅತ್ತೆ ಆಕೆಯ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟು, ತಾವು ಕುರ್ಚಿ ಹಾಕಿಕೊಂಡು ಕೂತರು. ಆ ಚಳಿಗಾಲದಲ್ಲಿ ಪೇದೆ ಹೊಂಜೊ ಸಮವಸ್ತ್ರ ಒಗೆಯಲು ಕೊಟ್ಟ ಚೀಲದ ತಳದಲ್ಲಿ ಒಂದು ವಾರಪತ್ರಿಕೆ ಮರೆತುಹೋದ. ಇಟ್ಟಿಗೆಯಷ್ಟು ದಪ್ಪದ್ದು, ಮೊದಲ ಪುಟದಿಂದ ಕೊನೆಯವರೆಗೂ ಬರೀ ಮಾಂಗಾ ಚಿತ್ರಕಥೆ.

ಮೂರು ದಿನ ಬಿಟ್ಟು ಬಂದವನು ಕತ್ತು ಕೆರೆದುಕೊಂಡ. "ಚೀಲದಲ್ಲಿ ಪುಸ್ತಕ ಏನಾದ್ರೂ ಸಿಕ್ತಾ ತಾಯಿ?"

"ಸಿಕ್ತು. ಆ ಕುಂಟ ಕತ್ತಿವರಸೆಯೋನು ಸೇತುವೆಯಿಂದ ಬಿದ್ನಲ್ಲ, ಬದುಕಿದ್ನಾ?"

ಪೇದೆ ಬೀದಿಯ ಎರಡೂ ಕಡೆ ನೋಡಿ ದನಿ ತಗ್ಗಿಸಿದ. "ಅದು ಮುಂದಿನ ವಾರ ಗೊತ್ತಾಗುತ್ತೆ."

"ತಗೊಂಡ್ಬನ್ನಿ."

ಅಂದಿನಿಂದ ಪ್ರತಿ ವಾರ ಸಮವಸ್ತ್ರದ ಕೆಳಗೆ ಪತ್ರಿಕೆ ಬಂತು. ಹೊಂಜೊ ಹನ್ನೊಂದು ವರ್ಷ ಹಮಾಸೆಯಲ್ಲಿದ್ದ. ಅಷ್ಟು ಸಲ ಒಗೆಸಿಕೊಂಡ ಸಮವಸ್ತ್ರ ಆ ಜಿಲ್ಲೆಯಲ್ಲಿ ಇನ್ನೊಬ್ಬ ಪೇದೆಗೆ ಇರಲಿಲ್ಲ. ಅವನಿಗೆ ವರ್ಗವಾದಾಗ ಊರಿನವರು ಬೀಳ್ಕೊಡುಗೆ ಊಟ ಹಾಕಿಸಿದರು. ಸುಮಿಯೆ ಹೋಗಲಿಲ್ಲ. ಇನ್ನು ಮುಂದೆ ಪತ್ರಿಕೆಯನ್ನು ತಾನೇ ಕೊಳ್ಳಬೇಕಲ್ಲ ಎಂದು ಪುಸ್ತಕದಂಗಡಿಗೆ ಹೋಗಿ ಹೆಸರು ಬರೆಸಿ ಬಂದಳು.

ಓದುವ ಹುಚ್ಚಿನ ಬೆನ್ನಿಗೇ ಟಿ.ವಿ.ಯಲ್ಲಿ ಓಡಾಡುವ ಚಿತ್ರಕಥೆ, ಅನಿಮೆಯೂ ಸೇರಿಕೊಂಡಿತು. ಇಸ್ತ್ರಿ ಮೇಜಿನ ಎದುರಿಗೇ ಟಿ.ವಿ. ಇತ್ತು. ಕೈ ತನ್ನಷ್ಟಕ್ಕೆ ತೋಳು, ಕಾಲರು, ಬೆನ್ನು ಎಂದು ಸಾಗುತ್ತಿದ್ದರೆ ಕಣ್ಣು ಪರದೆಯ ಮೇಲಿರುತ್ತಿತ್ತು. ನಲವತ್ತು ವರ್ಷ ಹೀಗೆ ನೋಡಿದ ಮೇಲೆ ಆಕೆಯಲ್ಲಿ ಅಭಿಪ್ರಾಯಗಳು ಗಟ್ಟಿಯಾದವು. ಅವೆಲ್ಲ ಲಾಂಡ್ರಿಯವಳ ಅಭಿಪ್ರಾಯಗಳು. ವೀರನೊಬ್ಬ ಬಿಳಿ ನಿಲುವಂಗಿ ತೊಟ್ಟು ಮೂರು ದಿನ ಕೆಸರಿನಲ್ಲಿ ಯುದ್ಧ ಮಾಡಿ ನಾಲ್ಕನೆಯ ದಿನ ಅದೇ ಬಿಳಿ ನಿಲುವಂಗಿಯಲ್ಲಿ ಕುದುರೆ ಹತ್ತಿದರೆ ಸುಮಿಯೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಒಗೆದವರು ಯಾರು?" ಇದಕ್ಕೆ ಉತ್ತರವಿಲ್ಲದ ಕಥೆ ಆಕೆಯ ಲೆಕ್ಕದಲ್ಲಿ ಅರ್ಧ ಸೋತಂತೆ. ಪ್ರತಿ ತುತ್ತಿಗೂ ಕಣ್ಣೀರು ಸುರಿಸುವ ಅಡುಗೆ ಮಾಂಗಾಗಳ ಬಗ್ಗೆ, "ಅಳೋವಾಗ ಮೂಗು ಕಟ್ಟುತ್ತೆ, ರುಚಿ ಎಲ್ಲಿಂದ ತಿಳೀಬೇಕು?" ಎನ್ನುತ್ತಿದ್ದಳು. ಸತ್ತವರನ್ನು ಮೂರು ಸಲ ಎಬ್ಬಿಸಿ ಕೂರಿಸುವ ಕಥೆಗಳನ್ನಂತೂ ಅರ್ಧಕ್ಕೇ ಬಿಡುತ್ತಿದ್ದಳು. ಗಂಡ ಹಿಸಾಓ ತೀರಿಕೊಂಡ ಮೇಲೆ ಅಂಥವನ್ನು ಶುರುವೇ ಮಾಡುತ್ತಿರಲಿಲ್ಲ. "ನಮ್ಮನೆಯೋರು ವಾಪಸ್ ಬಂದಿಲ್ಲ" ಎಂದು ಹೇಳಿ ಬೇರೆ ಅಂಗಿ ಎತ್ತಿಕೊಳ್ಳುತ್ತಿದ್ದಳು.

ಊರಿನಲ್ಲಿ ಮೀನುಗಾರರ ಸಂಘದ ಮಾಳಿಗೆಯ ಮೇಲೆ ಒಂದು ಪುಟ್ಟ ರೇಡಿಯೊ ಕೇಂದ್ರವಿತ್ತು. ಅದನ್ನು ನಡೆಸುತ್ತಿದ್ದವರು ನಿವೃತ್ತ ಮೇಷ್ಟ್ರು ಇಕುತಾ. ಅವರೊಮ್ಮೆ ಕೋಟು ಒಯ್ಯಲು ಬಂದಾಗ, ಹಿಂದಿನ ದಿನವಷ್ಟೇ ಮುಗಿದಿದ್ದ ಒಂದು ಮಾಂಗಾದ ಬಗ್ಗೆ ಸುಮಿಯೆ ಇಪ್ಪತ್ತು ನಿಮಿಷ ಮಾತನಾಡಿದಳು. ಹದಿನೇಳು ವರ್ಷ ಓದಿಸಿಕೊಂಡು ಕೊನೆಗೆ ಎಲ್ಲವೂ ಕನಸು ಎಂದುಬಿಟ್ಟಿದ್ದ ಕಥೆ. ಮೂವತ್ತೆಂಟು ಸಂಪುಟಗಳನ್ನೂ ಹಗ್ಗದಿಂದ ಬಿಗಿದು ರದ್ದಿಗೆ ಹಾಕಿದ್ದಳು.

"ಇದನ್ನೇ ರೇಡಿಯೊದಲ್ಲಿ ಹೇಳಿ ಸುಮಿಯಕ್ಕ" ಎಂದರು ಇಕುತಾ.

"ಯಾರು ಕೇಳ್ತಾರೆ?"

"ಈಗ ಆ ಹೊತ್ತಿಗೆ ಬರೀ ಉಬ್ಬರ-ಇಳಿತದ ವೇಳೆ ಓದ್ತೀವಿ. ಅದನ್ನೂ ಯಾರೂ ಕೇಳಲ್ಲ."

ಹಾಗೆ ಪ್ರತಿ ಗುರುವಾರ ಮಧ್ಯಾಹ್ನ ಎರಡೂಕಾಲಿಗೆ ಹತ್ತು ನಿಮಿಷ 'ಕಗೆಯಾಮ ಅವರ ಅಭಿಪ್ರಾಯ' ಎಂಬ ಕಾರ್ಯಕ್ರಮ ಶುರುವಾಯಿತು. ಕೇಳುವವರು ಇದ್ದರು. ಏಡಿ ಬಿಡಿಸುವ ಶೆಡ್ಡಿನಲ್ಲಿ ಹೆಂಗಸರು ಕೇಳುತ್ತಿದ್ದರು. ಅವರಲ್ಲಿ ಯಾರೂ ಮಾಂಗಾ ಓದುವವರಲ್ಲ. ಯಾರನ್ನೋ ಚೆನ್ನಾಗಿ ಬೈಯುತ್ತಾಳೆ ಎನ್ನುವುದಷ್ಟೇ ಅವರಿಗೆ ಬೇಕಾಗಿದ್ದದ್ದು.

ಆಕೆಗೆ ಅರವತ್ತನಾಲ್ಕು ತುಂಬಿದ ವರ್ಷ ಟೋಕಿಯೊದ ಒಂದು ಕಂಪನಿ ಹಮಾಸೆಯನ್ನೇ ಊರಾಗಿಟ್ಟುಕೊಂಡು ಅನಿಮೆ ತಯಾರಿಸಿತು. ಹನ್ನೆರಡು ಕಂತು. ಅಪ್ಪನನ್ನು ಕಳೆದುಕೊಂಡು ಈ ಊರಿಗೆ ಬಂದ ಶಾಲಾಹುಡುಗಿಯೊಬ್ಬಳ ಕಥೆ. ಸುದ್ದಿ ಬಂದ ದಿನ ಊರಿಗೆ ಊರೇ ಎದ್ದು ಕುಣಿಯಿತು. ಇಂಥ ಕಥೆ ಬಂದರೆ ಅದರ ಅಭಿಮಾನಿಗಳು ಯಾತ್ರೆಗೆ ಬಂದಂತೆ ಊರು ನೋಡಲು ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ರೈಲು ನಿಲ್ದಾಣದಲ್ಲಿ ಆ ಹುಡುಗಿಯ ಆಳೆತ್ತರದ ಚಿತ್ರ ನಿಂತಿತು. ಸಿಹಿಕಡುಬಿನ ಅಂಗಡಿಯ ಯೊನೆಹಾರ ತನ್ನ ಕಡುಬಿನ ಮೇಲೆಲ್ಲ ಆ ಹುಡುಗಿಯ ಮುಖದ ಮುದ್ರೆ ಒತ್ತಿಸಿದ. ಬಿಸಿಗೆ ಮುಖ ಊದಿಕೊಂಡು ಕಡುಬಿನ ಮೇಲಿನ ಹುಡುಗಿ ಯೊನೆಹಾರನ ಅಕ್ಕನ ಹಾಗೆ ಕಾಣುತ್ತಿದ್ದಳು. ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮೊದಲ ಕಂತನ್ನು ಸಮುದಾಯ ಭವನದಲ್ಲಿ ಎಲ್ಲರಿಗೂ ತೋರಿಸಿದರು. ಸುಮಿಯೆ ಎರಡನೆಯ ಸಾಲಿನಲ್ಲಿ ಕೂತು ನೋಡಿದಳು. ಚಪ್ಪಾಳೆ ಮುಗಿಯುವ ತನಕ ಕಾದು, ಚಪ್ಪಲಿ ಮೆಟ್ಟಿಕೊಂಡು ಶಾಲೆಯ ಗೇಟಿನ ಬಳಿಗೆ ಹೋದಳು. ಅಲ್ಲಿಂದ ನಿಲ್ದಾಣದವರೆಗೆ ನಡೆದು ಕೈಗಡಿಯಾರ ನೋಡಿಕೊಂಡಳು.

ಗುರುವಾರ ರೇಡಿಯೊದಲ್ಲಿ ಹೇಳಿದಳು: "ಆ ಹುಡುಗಿ ಶಾಲೆಯಿಂದ ಹೊರಟು ನಾಲ್ಕು ನಿಮಿಷದಲ್ಲಿ ರೈಲು ಹಿಡೀತಾಳೆ. ಗೋಡೆ ಗಡಿಯಾರ ಎರಡು ಸಲ ತೋರಿಸ್ತಾರೆ, ನೋಡಿಕೊಳ್ಳಿ. ನಾನು ನಡೆದೆ, ಹತ್ತೊಂಬತ್ತು ನಿಮಿಷ ಆಯ್ತು. ನನ್ನ ಮಂಡಿನೋವಿಗೆ ಐದು ಕಳೀರಿ, ಅವಳ ವಯಸ್ಸಿಗೆ ಇನ್ನೈದು ಕಳೀರಿ. ಆದ್ರೂ ರೈಲು ಹೋಗಿರುತ್ತೆ. ಇನ್ನು ಸೂರ್ಯ. ನಮ್ಮೂರಲ್ಲಿ ಸೂರ್ಯ ಸಮುದ್ರದಲ್ಲಿ ಮುಳುಗ್ತಾನೆ, ಇವರು ಅಲ್ಲಿ ಹುಟ್ಟಿಸಿದ್ದಾರೆ. ಕೊನೇದಾಗಿ, ಹುಡುಗಿ ಲಂಗದ ಸಮೇತ ಸಮುದ್ರಕ್ಕೆ ಬೀಳ್ತಾಳೆ. ಮುಂದಿನ ದೃಶ್ಯದಲ್ಲಿ ಲಂಗದ ಇಪ್ಪತ್ನಾಲ್ಕು ನೆರಿಗೆಯೂ ಚೂರಿ ಹಾಗೆ ನಿಂತಿವೆ. ಆ ಶಾಲೆಯ ಲಂಗ ಈ ಊರಲ್ಲಿ ಇಸ್ತ್ರಿ ಮಾಡೋಳು ನಾನೊಬ್ಬಳೇ. ನನ್ನ ಹತ್ರ ಅಂತೂ ಬಂದಿಲ್ಲ. ನಮಸ್ಕಾರ."

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಯೊನೆಹಾರ ನಿಂತಿದ್ದ.

"ಏನ್ರೀ ಸುಮಿಯಕ್ಕ, ಊರಿಗೆ ಅಪರೂಪಕ್ಕೆ ಒಂದು ಒಳ್ಳೇದಾಗ್ತಿದ್ರೆ ಕಲ್ಲು ಹಾಕ್ತೀರಲ್ಲ! ನಾನು ಇನ್ನೂರು ಕಡುಬು ಬೇಯಿಸಿಟ್ಟಿದೀನಿ."

"ಕಡುಬಿನ ವಿಷಯ ನಾನೇನೂ ಹೇಳ್ಲಿಲ್ವಲ್ಲ."

"ಹೇಳೋದಿತ್ತಾ?"

"ಇತ್ತು. ಹತ್ತು ನಿಮಿಷ ಮುಗಿದುಹೋಯ್ತು."

ಮಧ್ಯಾಹ್ನ ಇಕುತಾ ಮೇಷ್ಟ್ರು ಬಂದರು. ಪುರಸಭೆಯಿಂದ ಫೋನ್ ಬಂದಿತ್ತು. "ಒಂದಿಷ್ಟು ಮೆತ್ತಗೆ ಹೇಳಬಹುದಿತ್ತು. ಸಂಗೀತ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ ಅಂತ..."

"'ಅಭಿಪ್ರಾಯ' ಅಂತ ಹೆಸರಿಟ್ಟೋರು ನೀವೇ ಮೇಷ್ಟ್ರೇ. 'ಜಾಹೀರಾತು' ಅಂತ ಇಟ್ಟಿದ್ರೆ ನಾನು ಮೆಟ್ಟಿಲೇ ಹತ್ತುತ್ತಿರಲಿಲ್ಲ."

ಮೇಷ್ಟ್ರು ಒಂದು ಅಂಗಿ ಒಗೆಯಲು ಕೊಟ್ಟು ಹೋದರು. ಅದು ಒಗೆದ ಅಂಗಿಯೇ ಆಗಿತ್ತು.

ಆ ವಾರವೆಲ್ಲ ಮೀನಿನ ಅಂಗಡಿಯಲ್ಲಿ ಸುಮಿಯೆಗೆ ಸರದಿಯ ಕೊನೆಯಲ್ಲೇ ಮೀನು ಸಿಕ್ಕಿತು. ಏಡಿ ಶೆಡ್ಡಿನ ಹೆಂಗಸರು ಮಾತ್ರ, "ಮುಂದಿನ ಗುರುವಾರ ಕಡುಬಿನ ಬಗ್ಗೆ ಹೇಳಕ್ಕ" ಎಂದು ಹುರಿದುಂಬಿಸಿದರು.

ಅಷ್ಟರಲ್ಲಿ ಯಾರೋ ಆ ಹತ್ತು ನಿಮಿಷವನ್ನು ಅಂತರ್ಜಾಲಕ್ಕೆ ಹಾಕಿಬಿಟ್ಟಿದ್ದರು. ಮೂರನೆಯ ಕಂತು ಬರುವ ಹೊತ್ತಿಗೆ ಹಮಾಸೆಗೆ ಯಾತ್ರಿಕರು ಬರತೊಡಗಿದರು. ಆಳೆತ್ತರದ ಚಿತ್ರದ ಪಕ್ಕ ನಿಂತು ಒಂದು ಫೋಟೊ ತೆಗೆಸಿಕೊಂಡು ನೇರ ಶಾಲೆಯ ಗೇಟಿಗೆ ಹೋಗುತ್ತಿದ್ದರು. ಅಲ್ಲಿ ಚೀಲ ಕೆಳಗಿಟ್ಟು, ಬೂಟಿನ ದಾರ ಬಿಗಿದು, ನಿಲ್ದಾಣದತ್ತ ಓಡುತ್ತಿದ್ದರು. ನಾಲ್ಕು ನಿಮಿಷ ಆಗುತ್ತದೋ ಇಲ್ಲವೋ ನೋಡಬೇಕಿತ್ತು ಅವರಿಗೆ. ಬ್ಯಾಂಕಿನ ಗುಮಾಸ್ತರು ಓಡಿದರು, ಹೊಸ ಮದುಮಕ್ಕಳು ಕೈಹಿಡಿದು ಓಡಿದರು, ಬೊಜ್ಜಿನ ದಂತವೈದ್ಯನೊಬ್ಬ ಅರ್ಧ ದಾರಿ ಓಡಿ ಯೊನೆಹಾರನ ಅಂಗಡಿಯ ಬೆಂಚಿನ ಮೇಲೆ ಮಲಗಿಬಿಟ್ಟ. ಓಟ ಮುಗಿಸಿದವರಿಗೆ ಹಸಿವಾಗುತ್ತಿತ್ತು. ಇನ್ನೂರು ಕಡುಬು ಖರ್ಚಾಗಿ ಮತ್ತೆ ಇನ್ನೂರು ಬೇಯಿಸಬೇಕಾಯಿತು. ಯೊನೆಹಾರ ಸುಮಿಯೆಯನ್ನು ಕಂಡಾಗ ಈಗ ತಲೆಬಾಗುತ್ತಿದ್ದ, ಆದರೆ ಅರ್ಧ ಮಾತ್ರ.

ಎಲ್ಲರಿಗಿಂತ ವೇಗವಾಗಿ ಓಡಿದವನು ಓಕಯಾಮದಿಂದ ಬಂದ ಅಂಚೆಯಣ್ಣ. ಹೆಸರು ತಕಿಗುಚಿ, ವಯಸ್ಸು ಮೂವತ್ತರ ಮೇಲೆ. ಏಳು ನಿಮಿಷ ನಲವತ್ತು ಸೆಕೆಂಡಿಗೆ ನಿಲ್ದಾಣ ಮುಟ್ಟಿದ. ಮುಟ್ಟಿದವನೇ ಕೊನೆಯ ಮೆಟ್ಟಿಲಿನಲ್ಲಿ ಮುಗ್ಗರಿಸಿ ಪ್ಯಾಂಟು ಹರಿದುಕೊಂಡ. ನಿಲ್ದಾಣದವರು ಲಾಂಡ್ರಿಯ ದಾರಿ ತೋರಿಸಿದರು.

ಓಟದ ಲೆಕ್ಕ ಹೇಳಿ, ಹರಿದ ಪ್ಯಾಂಟನ್ನು ಕೊಟ್ಟು, ಸುಮಿಯೆ ಕೊಟ್ಟ ಹಿಸಾಓನ ಹಳೆಯ ನಿಲುವಂಗಿ ಸುತ್ತಿಕೊಂಡು ಅವನು ಸ್ಟೂಲಿನ ಮೇಲೆ ಕೂತ. ಸೂಜಿಗೆ ದಾರ ಪೋಣಿಸುತ್ತಿದ್ದವಳನ್ನು ಸ್ವಲ್ಪ ಹೊತ್ತು ನೋಡಿದ.

"ರೇಡಿಯೊದಲ್ಲಿ ಮಾತಾಡಿದೋರು ನೀವೇನಾ ಅಮ್ಮಾ?"

"ನಾನೇ."

"ನೀವು ಹೇಳಿದ್ದು ತಪ್ಪು."

ನಲವತ್ತೆರಡು ವರ್ಷದಲ್ಲಿ ಆಕೆಗೆ ಹೀಗೆ ಯಾರೂ ಹೇಳಿರಲಿಲ್ಲ. ಜನ ನಕ್ಕಿದ್ದರು, ಸಿಟ್ಟಾಗಿದ್ದರು, ತಲೆ ಆಡಿಸಿ ಅಂಗಿ ಒಯ್ದಿದ್ದರು. ವಾದಕ್ಕೆ ಕೂತವರು ಒಬ್ಬರೂ ಇರಲಿಲ್ಲ. ಸುಮಿಯೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಏಳು ನಲವತ್ತು ಅಂತ ನೀವೇ ಓಡಿ ನೋಡಿದ್ರಲ್ಲಪ್ಪ. ನಾಲ್ಕು ಎಲ್ಲಾಯ್ತು?"

"ಕಾಲಿನ ಮಾತಲ್ಲ ಅಮ್ಮಾ. ಆ ಹುಡುಗಿ ಯಾಕೆ ಓಡ್ತಾಳೆ? ಅಮ್ಮ ಹೇಳದೆ ಕೇಳದೆ ಊರು ಬಿಟ್ಟು ಹೊರಟಿದ್ದಾಳೆ, ಅದೇ ರೈಲಲ್ಲಿ. ಹಾಗೆ ಓಡೋರಿಗೆ ದಾರಿ ಇರಲ್ಲ. ಶಾಲೆ ಇರುತ್ತೆ, ಆಮೇಲೆ ನಿಲ್ದಾಣ ಇರುತ್ತೆ. ಮಧ್ಯದ್ದನ್ನ ಬರೆದಿದ್ರೆ ಅದು ಸುಳ್ಳಾಗ್ತಿತ್ತು."

"ಗೋಡೆ ಗಡಿಯಾರ ಎರಡು ಸಲ ತೋರಿಸಿದ್ದು ಯಾಕೆ ಹಾಗಾದ್ರೆ?"

"ಅದು ತಪ್ಪೇ" ಎಂದು ಅಂಚೆಯಣ್ಣ ಒಪ್ಪಿಕೊಂಡ. "ಗಡಿಯಾರ ತೋರಿಸಬಾರದಿತ್ತು."

ಸುಮಿಯೆ ಹೊಲಿಗೆ ಮುಗಿಸಿ, ಇಸ್ತ್ರಿ ಮಾಡಿ ಪ್ಯಾಂಟು ಕೊಟ್ಟಳು. ಅವನು ವಿಳಾಸದ ಚೀಟಿ ಇಟ್ಟು ಹೋದ. ಅಂಚೆಯವನಾದ್ದರಿಂದ ಪಿನ್ ಸಂಖ್ಯೆ ಸಮೇತ ಬರೆದಿದ್ದ.

ಅವನು ಹೋದ ಮೇಲೆ ಆಕೆ ಟಿ.ವಿ. ಹಾಕಲಿಲ್ಲ. ಒಂಬತ್ತು ವರ್ಷದ ಹಿಂದೆ ಹಿಸಾಓ ಬೆಸ್ತರ ಬಟ್ಟೆ ತರಲು ಬಂದರಿಗೆ ಹೋಗಿದ್ದ. ಹನ್ನೊಂದು ಗಂಟೆಗೆ ಫೋನ್ ಬಂತು, ಬಿದ್ದಿದ್ದಾರೆ ಬನ್ನಿ ಎಂದು. ಆಕೆ ಓಡಿದ್ದಳು. ಅಂಗಡಿಯಿಂದ ಬಂದರಿಗೆ ಇಳಿಜಾರು, ನಡುವೆ ಎರಡು ತಿರುವು, ಒಂದು ದೇವಸ್ಥಾನ, ಮಂಜುಗಡ್ಡೆ ಕಾರ್ಖಾನೆ. ಇವತ್ತು ಕೂತು ಎಣಿಸಿದರೆ ಎಲ್ಲವೂ ಗೊತ್ತು. ಆದರೆ ಆ ದಿನದ್ದೆಂದು ನೆನಪಿಗೆ ಬರುವುದು ಕೈಯಲ್ಲಿದ್ದ ಫೋನು, ಆಮೇಲೆ ಹಿಸಾಓನ ಬೂಟಿನ ಅಟ್ಟೆ. ನಡುವೆ ಏನೂ ಇಲ್ಲ. ಎಷ್ಟು ನಿಮಿಷವಾಯಿತೆಂದು ಯಾರಾದರೂ ಕೇಳಿದ್ದರೆ ಆಕೆ ಏನು ಹೇಳುತ್ತಿದ್ದಳೋ. ಅಂದು ಇಸ್ತ್ರಿಪೆಟ್ಟಿಗೆಯನ್ನು ಆರಿಸದೆ ಓಡಿದ್ದಳು. ಯಾರದೋ ಅಂಗಿಯ ಬೆನ್ನು ಸುಟ್ಟುಹೋಗಿತ್ತು.

ಗುರುವಾರ ಮೈಕಿನ ಮುಂದೆ ಕೂತಾಗ ಗಾಜಿನ ಆಚೆ ಇಕುತಾ ಮೇಷ್ಟ್ರು ಎರಡೂ ಕೈ ಮುಗಿದು ನಿಂತಿದ್ದರು.

"ಓಟದ ವಿಷಯದಲ್ಲಿ ನಾನು ಹೇಳಿದ್ದು ತಪ್ಪು" ಎಂದಳು ಸುಮಿಯೆ. "ಓಕಯಾಮದ ಒಬ್ಬರು ತಿದ್ದಿದ್ರು. ನಾಲ್ಕು ನಿಮಿಷದಲ್ಲಿ ಹೋಗಬಹುದು. ಅದಕ್ಕಿಂತ ಬೇಗಾನೂ ಹೋಗಬಹುದು. ಮೊದಲನೇ ಕಂತನ್ನ ಮತ್ತೆ ನೋಡಿದೆ. ನಿಲ್ದಾಣದಲ್ಲಿ ಹುಡುಗಿಯ ಒಂದು ಕಾಲಿನ ಕಾಲುಚೀಲ ಜಾರಿರುತ್ತೆ, ಅವಳು ಅದನ್ನ ಮೇಲೆ ಎಳ್ಕೊಳಲ್ಲ. ಮೊದಲ ಸಲ ನೋಡಿದಾಗ ನಾನು ಗಡಿಯಾರ ನೋಡ್ತಾ ಕೂತಿದ್ದೆ, ಅದನ್ನ ಗಮನಿಸಿರಲಿಲ್ಲ. ಬರೆದೋರಿಗೆ ಓಡಿ ಗೊತ್ತಿದೆ." ಗಾಜಿನ ಆಚೆ ಮೇಷ್ಟ್ರ ಮುಖ ಅರಳುತ್ತಿತ್ತು. "ಸೂರ್ಯನ ವಿಷಯದಲ್ಲಿ ನಾನು ಹೇಳಿದ್ದು ಸರಿ. ಲಂಗದ ವಿಷಯದಲ್ಲೂ ಸರಿ. ನಮಸ್ಕಾರ."

ಏಡಿ ಶೆಡ್ಡಿನ ಹೆಂಗಸರಿಗೆ ನಿರಾಸೆಯಾಯಿತು. ತಪ್ಪಾಯಿತು ಎಂದು ಸುಮಿಯಕ್ಕ ಹೇಳಿದ್ದನ್ನು ಅವರಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ರೇಡಿಯೊ ಕೆಟ್ಟಿರಬೇಕೆಂದು ಒಬ್ಬಾಕೆ ಅದರ ತಲೆಗೆ ತಟ್ಟಿದಳಂತೆ.

ಹನ್ನೆರಡು ಕಂತು ಮುಗಿದವು. ಅಮ್ಮ ಮಗಳು ಒಂದಾದರು. ಯಾರೂ ಸತ್ತು ಎದ್ದು ಬರಲಿಲ್ಲ, ಅದಕ್ಕೆ ಸುಮಿಯೆ ಒಂದು ಮಾತಿನ ಪ್ರಶಂಸೆ ಕೊಟ್ಟಳು. ಎರಡು ವರ್ಷದಲ್ಲಿ ಯಾತ್ರಿಕರು ಕಡಿಮೆಯಾದರು. ಆಳೆತ್ತರದ ಚಿತ್ರ ಉಪ್ಪುಗಾಳಿಗೆ ಬಿಳಿಚಿ ಬರೀ ಕೂದಲು ಉಳಿಯಿತು. ಯೊನೆಹಾರ ಮತ್ತೆ ಸಾದಾ ಕಡುಬಿಗೆ ಮರಳಿದ.

ಅಂಚೆಯಣ್ಣ ತಕಿಗುಚಿ ಮಾತ್ರ ಬಿಡಲಿಲ್ಲ. ತಿಂಗಳಿಗೊಂದು ಕಾಗದ ಬರುತ್ತದೆ, ಎಲ್ಲವೂ "ನೀವು ಹೇಳಿದ್ದು ತಪ್ಪು" ಎಂದೇ ಶುರುವಾಗುತ್ತವೆ. ಸುಮಿಯೆ ಅವನ್ನು ರೇಡಿಯೊದಲ್ಲಿ ಪೂರ್ತಿ ಓದಿ, ಆಮೇಲೆ ಒಂದೊಂದೇ ಸಾಲಿಗೆ ಉತ್ತರ ಕೊಡುತ್ತಾಳೆ. ಈಗ ಇಬ್ಬರ ನಡುವೆ ನಡೆದಿರುವುದು ನೀರುನಾಯಿಗಳ ಸಂಸಾರದ ಒಂದು ಮಾಂಗಾದ ಜಗಳ. ಅಪ್ಪ ನೀರುನಾಯಿ ಮನೆ ಬಿಟ್ಟದ್ದು ಸರಿ ಎಂದು ತಕಿಗುಚಿ, ಅವನು ಸೋಮಾರಿ ಎಂದು ಸುಮಿಯೆ. ಕಳೆದ ಗುರುವಾರ ಆಕೆ ಮೈಕಿನ ಮುಂದೆ ಕೂತು, "ಮೂರನೇ ಸಂಪುಟ ಇನ್ನೂ ಅಂಗಡಿಗೆ ಬಂದಿಲ್ಲ. ಓದದೆ ಹೇಳೋದು ಸರಿಯಲ್ಲ" ಎಂದು ಎದ್ದು ಹೋದಳು. ಉಳಿದ ಒಂಬತ್ತು ನಿಮಿಷ ಮೇಷ್ಟ್ರು ಉಬ್ಬರ-ಇಳಿತದ ವೇಳೆಯನ್ನು ನಿಧಾನವಾಗಿ ಎರಡು ಸಲ ಓದಿದರು.